ವೆಂಕಟಪ್ಪ ಆರ್ಟ್ ಗ್ಯಾಲರಿ ಹೋರಾಟ: ಗೋಡೆ ಉಳಿಸುವುದು, ಬಳಕೆ ಉಳಿಸುವುದು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡು ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಇದರ ನವೀಕರಣ ಮತ್ತು ನಿರ್ವಹಣೆಯನ್ನು ತಸ್ವೀರ್ ಪ್ರತಿಷ್ಠಾನ ಎಂಬ ಖಾಸಗಿ ಸಂಸ್ಥೆಗೆ ವಹಿಸುವ ಒಡಂಬಡಿಕೆಗೆ ರಾಜ್ಯ ಸರ್ಕಾರದ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ಸಹಿ ಹಾಕಿತು. ವಿಷಯ ತಿಳಿದ ಕಲಾವಿದರು 2016ರಲ್ಲಿ ‘ವಿಎಜಿ ಫೋರಂ’ ಎಂಬ ವೇದಿಕೆ ಕಟ್ಟಿಕೊಂಡು ಗ್ಯಾಲರಿಯ ಮುಂದೆ ನಿಂತರು. ಒಡಂಬಡಿಕೆ ಜಾರಿಗೆ ಬರಲಿಲ್ಲ, ಗ್ಯಾಲರಿ ಸರ್ಕಾರದ ಬಳಿಯೇ ಉಳಿಯಿತು. ಕರ್ನಾಟಕದಲ್ಲಿ ಸಾರ್ವಜನಿಕ ಕಟ್ಟಡಗಳಿಗಾಗಿ ನಡೆದ ಹೋರಾಟಗಳ ಸಾಲಿನಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಇಲ್ಲಿ ಯಾರೂ ಕಟ್ಟಡವನ್ನು ಕೆಡವಲು ಹೊರಟಿರಲಿಲ್ಲ. ಕಟ್ಟಡದೊಳಗೆ ಏನು ನಡೆಯಬೇಕು, ಅದನ್ನು ಯಾರು ತೀರ್ಮಾನಿಸಬೇಕು ಎಂಬುದೇ ವಿವಾದವಾಗಿತ್ತು.

ಕಬ್ಬನ್ ಉದ್ಯಾನವನ್ನು 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದರು. ಮೊದಲು ಮೀಡ್ಸ್ ಪಾರ್ಕ್ ಎಂದು, ಆಮೇಲೆ ಕಬ್ಬನ್ ಪಾರ್ಕ್ ಎಂದು ಕರೆಸಿಕೊಂಡ ಈ ತೋಟಕ್ಕೆ 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಅಧಿಕೃತ ಹೆಸರಿದೆ. ಮೊದಲಿನಿಂದಲೂ ಇದು ಬರೀ ಗಿಡಮರಗಳ ತಾಣವಾಗಿರಲಿಲ್ಲ. ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿ ಉದ್ಯಾನಕ್ಕಿಂತ ಮೊದಲೇ, 1868ರ ಹೊತ್ತಿಗೆ, ಎದ್ದು ನಿಂತಿತ್ತು. ವಸ್ತುಸಂಗ್ರಹಾಲಯ 1877ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ 1915ರಲ್ಲಿ ಸಿದ್ಧವಾಯಿತು, ಇಂದು ಅದು ರಾಜ್ಯ ಕೇಂದ್ರ ಗ್ರಂಥಾಲಯ. ನೂರು ವರ್ಷಗಳಲ್ಲಿ ಕ್ಲಬ್ಬು, ಬಾಲಭವನ, ಸರ್ಕಾರಿ ಕಚೇರಿಗಳು ಒಂದೊಂದಾಗಿ ಒಳಸೇರಿದವು. ಹೀಗೆ ಸೇರುತ್ತ ಹೋದರೆ ತೋಟವೇ ಉಳಿಯದು ಎಂಬ ಆತಂಕದಿಂದ 1975ರಲ್ಲಿ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂತು. ಉದ್ಯಾನದ ನೆಲವನ್ನು ಮಾರಾಟ, ಗುತ್ತಿಗೆ, ದಾನದ ರೂಪದಲ್ಲಿ ಪರಭಾರೆ ಮಾಡಬಾರದು ಎಂಬುದು ಆ ಕಾಯ್ದೆಯ ತಿರುಳು. ಆದರೂ 1998ರಲ್ಲಿ ಸರ್ಕಾರ ಉದ್ಯಾನದ ಮೂವತ್ತಕ್ಕೂ ಹೆಚ್ಚು ಎಕರೆಯನ್ನು ಕಾಯ್ದೆಯ ವ್ಯಾಪ್ತಿಯಿಂದ ತೆಗೆಯಲು ಹೊರಟಿತು. ಜನ ದೊಡ್ಡ ಸಂಖ್ಯೆಯಲ್ಲಿ ಪ್ರತಿಭಟಿಸಿದರು.

ಗ್ಯಾಲರಿಯ ಹೋರಾಟಕ್ಕೆ ಎರಡು ಹಳೆಯ ಆಸರೆಗಳಿದ್ದವು. ಮೊದಲನೆಯದು ಅಠಾರಾ ಕಚೇರಿಯದು. 1980ರ ದಶಕದಲ್ಲಿ ಹೈಕೋರ್ಟಿನ ಆ ಕೆಂಪು ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಯೋಚನೆ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೆಡವಬೇಕೆಂದಿದ್ದ ಕಟ್ಟಡದಲ್ಲೇ ಆ ಕಟ್ಟಡದ ಅಳಿವು ಉಳಿವಿನ ವಾದ ನಡೆಯಿತು. ಕಟ್ಟಡ ಉಳಿಯಿತು. ಎರಡನೆಯದು ಸದಾಶಿವನಗರದ ಭಾಗದಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟ ಪ್ರಕರಣ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ಹಂಚಿಕೆ ಸಲ್ಲದು ಎಂದು ತೀರ್ಪಿತ್ತಿತು. ಉದ್ಯಾನಕ್ಕೆಂದು ಇಟ್ಟ ಜಾಗ ಸುತ್ತಲಿನ ನಿವಾಸಿಗಳೆಲ್ಲರದು, ಅದು ಕೈತಪ್ಪುವಾಗ ಪ್ರಶ್ನಿಸುವ ಹಕ್ಕು ಅವರಿಗಿದೆ ಎಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ದೇಶದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ಈ ತೀರ್ಪು ಬೆಂಗಳೂರಿನ ಒಂದು ಬಡಾವಣೆಯ ಸಾಮಾನ್ಯ ನಿವಾಸಿಗಳ ಹಟದಿಂದ ಬಂದದ್ದು. ಅಠಾರಾ ಕಚೇರಿಯಲ್ಲಿ ಗೋಡೆಗಳು ಉಳಿದವು, ಸದಾಶಿವನಗರದಲ್ಲಿ ನೆಲ ಉಳಿಯಿತು. ಆರ್ಟ್ ಗ್ಯಾಲರಿಯಲ್ಲಿ ಗೋಡೆಗೂ ನೆಲಕ್ಕೂ ನೇರ ಆಪತ್ತಿರಲಿಲ್ಲ. ಅದೇ ಕಾರಣಕ್ಕೆ ಅಲ್ಲಿನ ಕೆಲಸ ಹೆಚ್ಚು ಕಷ್ಟದ್ದಾಯಿತು.

ಗ್ಯಾಲರಿಗೆ ಹೆಸರು ಕೊಟ್ಟ ಕೆ. ವೆಂಕಟಪ್ಪ (1886–1965) ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ನಂದಲಾಲ್ ಬೋಸ್ ಅವರ ಸಹಪಾಠಿ. ವೀಣೆ ಶೇಷಣ್ಣನವರಲ್ಲಿ ವೀಣೆ ಅಭ್ಯಾಸ ಮಾಡಿದರು. ಮೈಸೂರು ಅರಮನೆಗೆ ಉಬ್ಬುಶಿಲ್ಪ ರಚಿಸಿದರು. ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಊಟಿ ಮತ್ತು ಕೊಡೈಕೆನಾಲಿನ ಜಲವರ್ಣ ಚಿತ್ರಗಳಿಂದ. ಮಂಜು ಸರಿಯುವ ಬೆಟ್ಟ, ಮಳೆಮೋಡ ಒಡೆಯುವ ಹೊತ್ತಿನ ಆಕಾಶ, ಕೆರೆಯ ಮೇಲೆ ಬಿದ್ದ ಬೆಳಕು, ಎಲ್ಲವೂ ಹತ್ತಿರ ಹೋಗಿ ನಿಂತು ನೋಡಬೇಕಾದ ಅಳತೆಯ ಕಾಗದದ ಮೇಲಿವೆ. ದೂರದಿಂದ ಒಂದೇ ಬೂದು ಬಣ್ಣವಾಗಿ ಕಾಣುವ ಭಾಗ ಸಮೀಪದಿಂದ ನೋಡಿದಾಗ ತೆಳುವಾದ ಪದರದ ಮೇಲೆ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಇಂಥ ಚಿತ್ರಗಳು ಬೆಳಕಿಗೂ ತೇವಕ್ಕೂ ಬಲು ನಾಜೂಕು. ಕಾಗದದ ಮೇಲಿನ ಜಲವರ್ಣಕ್ಕೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ಆಗಾಗ ಗೋಡೆಯಿಂದ ಇಳಿಸಿ ಕತ್ತಲೆಯಲ್ಲಿ ವಿಶ್ರಾಂತಿ ಕೊಡಬೇಕು ಎಂಬುದು ವಸ್ತುಸಂಗ್ರಹಾಲಯಗಳ ಸಾಮಾನ್ಯ ನಿಯಮ. ಇದಕ್ಕೆ ತರಬೇತಿ ಪಡೆದ ಸಿಬ್ಬಂದಿ ಬೇಕು, ಹಣ ಬೇಕು. 1970ರ ದಶಕದಲ್ಲಿ ಬಾಗಿಲು ತೆರೆದ ಗ್ಯಾಲರಿಗೆ ಈ ಎರಡೂ ಸಾಕಷ್ಟು ಸಿಗಲಿಲ್ಲ. ಖಾಸಗಿ ನೆರವು ಬೇಕು ಎಂದು ವಾದಿಸಿದವರ ಬಳಿ ಇದೇ ಬಲವಾದ ಅಂಶವಾಗಿತ್ತು, ಅದನ್ನು ತಳ್ಳಿಹಾಕಲಾಗದು.

ಗ್ಯಾಲರಿಗೆ ಇನ್ನೊಂದು ಮುಖವೂ ಇತ್ತು. ವೆಂಕಟಪ್ಪ ಮತ್ತು ಕೆ.ಕೆ. ಹೆಬ್ಬಾರರ ಕೃತಿಗಳ ಕಾಯಂ ಸಂಗ್ರಹದ ಜೊತೆಗೆ, ಕಲಾವಿದರು ಕಡಿಮೆ ಬಾಡಿಗೆಗೆ ಪಡೆದು ಪ್ರದರ್ಶನ ಮಾಡಬಹುದಾದ ಹಾಲ್‌ಗಳು ಇಲ್ಲಿದ್ದವು. ಕಾಲೇಜು ಮುಗಿಸಿ ಮೊದಲ ಪ್ರದರ್ಶನಕ್ಕೆ ಸಿದ್ಧರಾದವರು, ಖಾಸಗಿ ಗ್ಯಾಲರಿಗಳ ಕಣ್ಣಿಗೆ ಬೀಳದವರು, ಮಾರಾಟವಾಗದ ಬಗೆಯ ಕೆಲಸ ಮಾಡುವವರು ಇಲ್ಲಿಗೆ ಬರುತ್ತಿದ್ದರು. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಬಂದ ಮೇಲೂ ಈ ಅಗತ್ಯ ಕಡಿಮೆಯಾಗಲಿಲ್ಲ. ಅಲ್ಲಿ ಏನು ತೂಗಬೇಕೆಂದು ಸಂಸ್ಥೆಯೇ ಆರಿಸುತ್ತದೆ, ಇಲ್ಲಿ ಅರ್ಜಿ ಹಾಕಿದ ಕಲಾವಿದರಿಗೆ ಗೋಡೆ ಸಿಗುತ್ತಿತ್ತು.

ಈ ಗೋಡೆಯ ಬೆಲೆ ಬೆಂಗಳೂರಿನವರಿಗಿಂತ ಜಿಲ್ಲೆಗಳ ಕಲಾವಿದರಿಗೆ ಚೆನ್ನಾಗಿ ತಿಳಿದಿತ್ತು. ಕಲಬುರಗಿ ಪ್ರಾಂತ್ಯದ್ದು ಹಳೆಯ ಚಿತ್ರಪರಂಪರೆ. ಆಳಂದದ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಶಂಕರರಾವ್ ಆಳಂದಕರ ಅವರಲ್ಲಿ ಪಾಠ ಕಲಿತ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ದೇಶವೆಲ್ಲ ಬಲ್ಲ ಕಲಾವಿದರಾದರು. ಕಲಬುರಗಿಯ ರಂಗಮಂದಿರಕ್ಕೆ ಇಂದು ಅವರದೇ ಹೆಸರಿದೆ. ವಿ.ಜಿ. ಅಂದಾನಿಯವರಂಥವರು ಅಲ್ಲೇ ನಿಂತು ಕಲಾಶಾಲೆ ಕಟ್ಟಿದರು. ಹಾಗಿದ್ದರೂ ಕಲೆಯ ಮಾರುಕಟ್ಟೆ, ಪತ್ರಿಕೆಗಳ ವಿಮರ್ಶೆ, ಕೊಳ್ಳುವವರ ಓಡಾಟ ಎಲ್ಲವೂ ಆರುನೂರು ಕಿಲೋಮೀಟರ್ ಆಚೆಯ ರಾಜಧಾನಿಯಲ್ಲಿ. ಆಳಂದ ತಾಲ್ಲೂಕಿನ ಜಿಡಗಾದಂಥ ಊರಿನಿಂದಲೋ ಅಫಜಲಪುರ, ಜೇವರ್ಗಿ ಕಡೆಯಿಂದಲೋ ಹೊರಡುವ ಹುಡುಗ ಹುಡುಗಿಯರಿಗೆ ಚಿತ್ರಗಳನ್ನು ಕಟ್ಟಿಸಿ ಸಾಗಿಸುವುದು, ಅಲ್ಲಿ ಉಳಿಯುವುದು, ಊಟ ಇವುಗಳ ಖರ್ಚೇ ಸಾಕಷ್ಟಾಗುತ್ತದೆ. ಅದರ ಮೇಲೆ ಹಾಲ್ ಬಾಡಿಗೆಯೂ ಎತ್ತರಕ್ಕೆ ಹೋದರೆ ಪ್ರದರ್ಶನದ ಮಾತೇ ಇಲ್ಲ. ಸರ್ಕಾರಿ ಗ್ಯಾಲರಿಯ ಕಡಿಮೆ ದರ ದೂರದ ಊರುಗಳಿಗೆ ತೆರೆದಿದ್ದ ಒಂದು ಬಾಗಿಲು.

ಒಡಂಬಡಿಕೆ ಬಂದದ್ದು ಪ್ರವಾಸೋದ್ಯಮದ ದಾರಿಯಲ್ಲಿ. ಪ್ರವಾಸಿ ತಾಣಗಳನ್ನು ಖಾಸಗಿ ಸಂಸ್ಥೆಗಳು ದತ್ತು ಪಡೆದು ಅಭಿವೃದ್ಧಿ ಮಾಡಲಿ ಎಂಬ ಚಿಂತನೆ ಆಗ ರಾಜ್ಯದಲ್ಲಿ ಬಲವಾಗಿತ್ತು. ಕೇಂದ್ರ ಸರ್ಕಾರ ಇದೇ ಬಗೆಯ ‘ಪರಂಪರೆ ದತ್ತು’ ಯೋಜನೆಯನ್ನು 2017ರಲ್ಲಿ ತಂದಿತು, 2018ರಲ್ಲಿ ಕೆಂಪುಕೋಟೆಯ ಹೊಣೆ ದಾಲ್ಮಿಯಾ ಭಾರತ್ ಕಂಪನಿಗೆ ಹೋದಾಗ ದೇಶವ್ಯಾಪಿ ಚರ್ಚೆ ಎದ್ದಿತು. ಬೆಂಗಳೂರಿನ ಕಲಾವಿದರು ಆ ಪ್ರಶ್ನೆಯನ್ನು ಎರಡು ವರ್ಷ ಮೊದಲೇ ಎತ್ತಿದ್ದರು. ತಾಣದಲ್ಲಿ ಶೌಚಾಲಯ, ಕುಡಿಯುವ ನೀರು, ಫಲಕ ಒದಗಿಸುವುದು ಒಂದು. ಯಾವ ಚಿತ್ರ ತೂಗಬೇಕು, ಯಾರಿಗೆ ಹಾಲ್ ಕೊಡಬೇಕು ಎಂಬ ಆಯ್ಕೆಯ ಅಧಿಕಾರ ಕೊಡುವುದು ಮತ್ತೊಂದು. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನೂ, ಕಲಾವಿದರನ್ನು ಒಂದು ಮಾತೂ ಕೇಳದೆ, ಬಿಟ್ಟುಕೊಡಲಾಗುತ್ತಿದೆ ಎಂಬುದು ಆಕ್ಷೇಪದ ಸಾರ.

ವಿಎಜಿ ಫೋರಂ ನಡೆದುಕೊಂಡ ರೀತಿ ಗಮನಿಸಬೇಕಾದದ್ದು. ಪುಷ್ಪಮಾಲಾ ಎನ್. ಮುಂತಾದ ಹೆಸರಾಂತ ಕಲಾವಿದರೂ ಈಗಷ್ಟೇ ಕಲಿಕೆ ಮುಗಿಸಿದವರೂ ಒಟ್ಟಿಗೆ ಬಂದರು. ಮನವಿಪತ್ರ, ಪತ್ರಿಕಾಗೋಷ್ಠಿ, ಮಾನವ ಸರಪಳಿ ಇವೆಲ್ಲ ಯಾವ ಚಳವಳಿಯಲ್ಲೂ ಇರುತ್ತವೆ. ಇಲ್ಲಿ ಅದರ ಜೊತೆಗೆ ಗ್ಯಾಲರಿಯ ಅಂಗಳದಲ್ಲೇ ಚಿತ್ರ ಬರೆಯುವುದು, ಪರ್ಫಾರ್ಮೆನ್ಸ್, ಮಾತುಕತೆ ನಡೆದವು. ಈ ಜಾಗ ಬೇಕಾಗಿದೆ ಎಂದು ಹೇಳುವುದಕ್ಕೆ ಅಲ್ಲಿ ಕೆಲಸ ಮಾಡಿ ತೋರಿಸಿದ್ದಕ್ಕಿಂತ ಬಲವಾದ ಸಾಕ್ಷಿ ಇರಲಾರದು. ಪಾಳುಬಿದ್ದಿದೆ, ಯಾರೂ ಬರುವುದಿಲ್ಲ ಎಂಬ ಮಾತಿಗೆ ಬಳಕೆಯೇ ಉತ್ತರವಾಯಿತು. ಖಾಸಗಿ ಹಣ ಕೆಟ್ಟದ್ದು ಎಂಬ ಸುಲಭದ ಘೋಷಣೆಗೆ ಚಳವಳಿ ಇಳಿಯದಿದ್ದದ್ದು ಅದರ ಇನ್ನೊಂದು ಹಿರಿಮೆ. ದಾನ ಕೊಡುವವರು ಕೊಡಲಿ, ತೀರ್ಮಾನ ಸಾರ್ವಜನಿಕವಾಗಿರಲಿ ಎಂಬ ನಿಲುವಿಗೆ ಅದು ಅಂಟಿಕೊಂಡಿತು. ಆ ನಿಲುವು ಸರಿಯಾಗಿತ್ತೆಂಬುದಕ್ಕೆ ಮುಂದಿನ ಬೆಳವಣಿಗೆ ಸಾಕ್ಷಿ. ತಸ್ವೀರ್ ಸ್ಥಾಪಕ ಅಭಿಷೇಕ್ ಪೋದ್ದಾರ್ ಅದೇ ಕಸ್ತೂರಬಾ ರಸ್ತೆಯಲ್ಲಿ ಸ್ವಂತ ಕಟ್ಟಡದಲ್ಲಿ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯವನ್ನು 2023ರಲ್ಲಿ ತೆರೆದರು. ನಗರಕ್ಕೆ ಒಳ್ಳೆಯ ಖಾಸಗಿ ಸಂಗ್ರಹಾಲಯವೂ ಸಿಕ್ಕಿತು, ಸರ್ಕಾರಿ ಗ್ಯಾಲರಿಯೂ ಉಳಿಯಿತು. ಒಂದು ಬರಲು ಇನ್ನೊಂದು ಹೋಗಬೇಕಾಗಿರಲಿಲ್ಲ.

ಕೊರತೆಗಳೂ ಇದ್ದವು. ಚಳವಳಿಯ ಬಹುಪಾಲು ಮಾತು ಇಂಗ್ಲಿಷಿನಲ್ಲಿ, ಬೆಂಗಳೂರಿನ ಕಲಾವಲಯದೊಳಗೆ ನಡೆಯಿತು. ಕಡಿಮೆ ದರದ ಹಾಲ್ ಯಾರಿಗೆ ಹೆಚ್ಚು ಬೇಕಾಗಿತ್ತೋ ಆ ಧಾರವಾಡ, ಕಲಬುರಗಿ, ರಾಯಚೂರು ಕಡೆಯವರ ದನಿ ಮುಂಚೂಣಿಗೆ ಬರಲಿಲ್ಲ. ಅವರು ಬಂದಿದ್ದರೆ ಬೆಂಗಳೂರಿನ ಒಂದು ಗ್ಯಾಲರಿಯ ಪ್ರಶ್ನೆ ರಾಜ್ಯದ ಕಲಾವಿದರೆಲ್ಲರ ಪ್ರಶ್ನೆಯಾಗುತ್ತಿತ್ತು, ಶಾಸಕರ ಕಿವಿಗೂ ಬೀಳುತ್ತಿತ್ತು. ಗ್ಯಾಲರಿ ಸೊರಗುತ್ತಿದ್ದ ಹಿಂದಿನ ದಶಕಗಳಲ್ಲಿ ಕಲಾಸಮುದಾಯ ಇಷ್ಟು ಒಟ್ಟಾಗಿ ದನಿ ಎತ್ತಿರಲಿಲ್ಲ ಎಂಬುದೂ ನಿಜ. ಆಗಲೇ ಎತ್ತಿದ್ದರೆ ಪ್ರವಾಸೋದ್ಯಮ ಇಲಾಖೆಗೆ ಆ ಒಡಂಬಡಿಕೆಯ ನೆಪವೇ ಸಿಗುತ್ತಿರಲಿಲ್ಲ.

ದೊಡ್ಡ ಕೊರತೆ ಇದಕ್ಕಿಂತ ಆಳದಲ್ಲಿದೆ. ಒಡಂಬಡಿಕೆ ನಿಂತಿತೇ ಹೊರತು ಅದರ ಜಾಗದಲ್ಲಿ ಲಿಖಿತ ವ್ಯವಸ್ಥೆಯೊಂದು ಬರಲಿಲ್ಲ. ಹಾಲ್ ದರ ಎಷ್ಟಿರಬೇಕು, ವರ್ಷಕ್ಕೆ ಎಷ್ಟು ದಿನ ಹೊಸಬರಿಗೆ ಮೀಸಲು, ಜಿಲ್ಲೆಗಳವರಿಗೆ ಎಷ್ಟು ಪಾಲು, ಸಲಹಾ ಸಮಿತಿಯಲ್ಲಿ ಕಲಾವಿದರನ್ನು ನೇಮಿಸುವವರು ಯಾರು ಎಂಬುದನ್ನು ನಿಯಮವಾಗಿ ಬರೆಸಿಕೊಂಡಿದ್ದರೆ ಗೆಲುವು ಗಟ್ಟಿಯಾಗುತ್ತಿತ್ತು. 1975ರ ಕಾಯ್ದೆ ಕಾಯುವುದು ನೆಲವನ್ನು. ನಿರ್ವಹಣೆ, ನವೀಕರಣ, ದತ್ತು ಎಂಬ ಹೆಸರಿನಲ್ಲಿ ಕಟ್ಟಡದ ಉಪಯೋಗ ಬದಲಾದರೆ ಸಾಮಾನ್ಯ ಬಳಕೆದಾರರಿಗೆ ಮೊದಲೇ ತಿಳಿಸುವ ಕಟ್ಟುಪಾಡು ನಮ್ಮ ಕಾನೂನಿನಲ್ಲಿ ದುರ್ಬಲವಾಗಿದೆ. ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆಯಡಿ ಉದ್ಯಾನದ ಕಟ್ಟಡ, ಗ್ರಂಥಾಲಯ, ಊರಿನ ಸಭಾಭವನದಂಥವನ್ನು ‘ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ’ ಎಂದು ಪಟ್ಟಿಗೆ ಸೇರಿಸಬಹುದು. ಸೇರಿದ ಮೇಲೆ ಐದು ವರ್ಷ ಪಟ್ಟಿಯಲ್ಲಿ ಉಳಿಯುವ ಇಂಥ ಕಟ್ಟಡವನ್ನು ಆ ಅವಧಿಯಲ್ಲಿ ಮಾರಲು ಮಾಲೀಕರು ಹೊರಟರೆ, ಸ್ಥಳೀಯ ಗುಂಪು ತಾನೇ ಕೊಳ್ಳಲು ಸಿದ್ಧವೆಂದು ಹೇಳಿ ಆರು ತಿಂಗಳವರೆಗೆ ಮಾರಾಟವನ್ನು ತಡೆಹಿಡಿಸಬಹುದು. ಕೊಳ್ಳುವ ಹಣ ಹುಟ್ಟಿಸುವುದು ಅಲ್ಲೂ ಸುಲಭವಲ್ಲ, ಮಾಲೀಕರು ಕೊನೆಗೆ ಬೇರೆಯವರಿಗೇ ಮಾರಬಹುದು. ಹಾಗಿದ್ದರೂ ಊರಿನವರಿಗೆ ಸುದ್ದಿ ಮೊದಲೇ ಗೊತ್ತಾಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ಬೆಂಗಳೂರಿನ ಕಲಾವಿದರಿಗೆ ಈ ಎರಡೂ ಸಿಗಲಿಲ್ಲ. ಸಹಿ ಬಿದ್ದ ಮೇಲೆ ಓಡಬೇಕಾಯಿತು.

ಮುಂದೆ ಗ್ಯಾಲರಿಯ ದುರಸ್ತಿಯ ಕೆಲಸವನ್ನು ಬ್ರಿಗೇಡ್ ಪ್ರತಿಷ್ಠಾನ ಕೈಗೆತ್ತಿಕೊಂಡಿತು. ಹಣ ಖಾಸಗಿಯದು, ಒಡೆತನ ಸರ್ಕಾರದ್ದು. ಚಳವಳಿ ಕೇಳಿದ ವಿಂಗಡಣೆಗೆ ಇದು ಹತ್ತಿರವಾದದ್ದು. ಗೋಡೆ, ಬೆಳಕು, ಚಾವಣಿ ಸರಿಹೋಗುವುದು ವೆಂಕಟಪ್ಪನವರ ಕಾಗದದ ಚಿತ್ರಗಳಿಗೆ ಅತ್ಯಗತ್ಯವಾಗಿತ್ತು. ಆದರೆ ಹೊಳಪು ಬಂದ ಸಾರ್ವಜನಿಕ ಕಟ್ಟಡಗಳಲ್ಲಿ ದರ ಏರುವುದು, ಅರ್ಜಿಯ ಷರತ್ತು ಬಿಗಿಯಾಗುವುದು ಎಲ್ಲ ಕಡೆಯೂ ಕಾಣುವ ಸಂಗತಿ. ಇಲ್ಲಿ ಹಾಗಾಗದಂತೆ ನೋಡಿಕೊಳ್ಳಲು ಗ್ಯಾಲರಿಯ ಹೊಣೆ ಹೊತ್ತ ಪುರಾತತ್ವ ಇಲಾಖೆ ಹಾಲ್ ಹಂಚಿಕೆಯ ನಿಯಮವನ್ನೂ ದರಪಟ್ಟಿಯನ್ನೂ ಕನ್ನಡದಲ್ಲಿ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಯಾವ ಜಿಲ್ಲೆಯ ಎಷ್ಟು ಕಲಾವಿದರಿಗೆ ಜಾಗ ಸಿಕ್ಕಿತು ಎಂಬ ಲೆಕ್ಕ ಕೊಡಬೇಕು. 2016ರಲ್ಲಿ ಅಂಗಳದಲ್ಲಿ ನಿಂತವರು ಕೇಳಬೇಕಾಗಿದ್ದು, ಇನ್ನೂ ಕೇಳಬಹುದಾದದ್ದು ಈ ಎರಡು ಕಾಗದಗಳನ್ನು.