ಹಿರಿಯರು ನಡೆದ ದಾರಿ ಎಂಬ ನೆಪ

ಕುರ್‌ಆನಿನ ಏಳನೆಯ ಅಧ್ಯಾಯದ 172ನೆಯ ವಚನದಲ್ಲಿ ಅಪೂರ್ವವಾದ ಸಭೆಯೊಂದರ ಚಿತ್ರವಿದೆ. ಆದಮರ ಮಕ್ಕಳ ಬೆನ್ನಿನಿಂದ ಮುಂದಿನ ಪೀಳಿಗೆಗಳನ್ನೆಲ್ಲ ಹೊರತೆಗೆದ ದೇವರು, ತಾನು ಅವರ ಒಡೆಯನಲ್ಲವೇ ಎಂದು ಕೇಳುತ್ತಾನೆ. ಹೌದೆಂದು ಅವರೆಲ್ಲ ಸಾಕ್ಷಿ ನುಡಿಯುತ್ತಾರೆ. ತೀರ್ಪಿನ ದಿನ ಯಾರೂ ನಮಗೆ ಗೊತ್ತಿರಲಿಲ್ಲ ಎನ್ನಬಾರದೆಂದೇ ಈ ಸಾಕ್ಷಿ. ಮುಂದಿನ ವಚನ ಇನ್ನೊಂದು ಬಾಗಿಲನ್ನೂ ಮುಚ್ಚುತ್ತದೆ: ತಪ್ಪು ಮಾಡಿದವರು ನಮ್ಮ ಹಿರಿಯರು, ನಾವು ಅವರ ಹಿಂದೆ ಬಂದವರಷ್ಟೇ ಎನ್ನುವ ನೆಪವೂ ನಡೆಯದು. ಕುಲವೇ ಮನುಷ್ಯನ ಗುರುತೂ ರಕ್ಷಣೆಯೂ ಆಗಿದ್ದ ಅರೇಬಿಯಾದಲ್ಲಿ ಹೀಗೆ ಹೇಳುವುದು ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ ದೇವರ ಜೊತೆಗಿನ ಈ ಒಡಂಬಡಿಕೆಯ ತಿರುಳು ಇರುವುದು ಈ ಎರಡನೆಯ ಮಾತಿನಲ್ಲಿ. ಇಸ್ಲಾಮೀ ಚಿಂತನೆ ಮೊದಲನೆಯದಕ್ಕೆ ಧಾರೆಯೆರೆದ ಬುದ್ಧಿಯನ್ನು ಎರಡನೆಯದಕ್ಕೆ ಮೀಸಲಿಡಲಿಲ್ಲ ಎಂಬುದು ನನ್ನ ತಕರಾರು.

ವಾದವೆಲ್ಲ ಬೆಳೆದದ್ದು ಆ ಸಭೆ ನಿಜಕ್ಕೂ ನಡೆಯಿತೇ ಎಂಬುದರ ಸುತ್ತ. ದೇವರು ಆದಮರ ಬೆನ್ನು ಸವರಿ ಸಂತತಿಯನ್ನು ಹೊರತಂದನೆಂದು ಪ್ರವಾದಿಯವರ ನುಡಿಗಳ ವರದಿಗಳಾದ ಹದೀಸ್‌ಗಳು ಹೇಳುತ್ತವೆ. ಹಲವು ವ್ಯಾಖ್ಯಾನಕಾರರು ಅದನ್ನು ಇದ್ದಂತೆಯೇ ಒಪ್ಪಿದರು. ಮುಅ್‌ತಝಿಲ ಎಂಬ ಬುದ್ಧಿವಾದಿ ಪಂಥದವರು ಒಪ್ಪಲಿಲ್ಲ. ಅವರ ವಾದ ಇದು: ವಚನದಲ್ಲಿರುವುದು ಆದಮರ ಬೆನ್ನಲ್ಲ, ಮಕ್ಕಳ ಬೆನ್ನು. ಬುದ್ಧಿ ಬಾರದ, ಕಣಗಳಂಥ ಜೀವಗಳು ಮಾತು ಕೊಡಲಾರವು. ಕೊಟ್ಟಿದ್ದರೂ ಯಾರಿಗೂ ನೆನಪಿಲ್ಲದ ಮಾತನ್ನು ಹಿಡಿದು ವಿಚಾರಣೆ ನಡೆಸುವುದು ನ್ಯಾಯವಲ್ಲ. ಖ್ವಾರಝ್ಮಿನ ಝಮಖ್ಶರಿ (ನಿಧನ 1144) ‘ಅಲ್‌ ಕಶ್ಶಾಫ್’ ವ್ಯಾಖ್ಯಾನದಲ್ಲಿ ಇದನ್ನು ರೂಪಕವೆಂದೇ ಬಗೆದರು. ಮನುಷ್ಯನಿಗೆ ಕೊಟ್ಟ ಬುದ್ಧಿ ಮತ್ತು ಕಣ್ಣೆದುರಿನ ಪುರಾವೆಗಳೇ ಆ ಪ್ರಶ್ನೆ, ಅವನ ಅರಿವೇ ಆ ಉತ್ತರ. ಸುನ್ನಿ ವಿದ್ವಾಂಸರು ಮುಅ್‌ತಝಿಲರನ್ನು ದೂರವಿಟ್ಟರೂ ಈ ವಾದವನ್ನು ಪೂರ್ತಿ ದೂರವಿಡಲಾಗಲಿಲ್ಲ. ಇಬ್ನ್‌ ತೈಮಿಯ್ಯರ ಶಿಷ್ಯ ಇಬ್ನ್‌ ಕಸೀರ್‌ (ನಿಧನ 1373), ಸಾಕ್ಷ್ಯವೆಂದರೆ ಮನುಷ್ಯನನ್ನು ಫಿತ್ರತ್ತಿನ ಮೇಲೆ, ಅಂದರೆ ಸಹಜ ಹುಟ್ಟುಗುಣದ ಮೇಲೆ ಸೃಷ್ಟಿಸಿದ್ದೇ ಎಂಬ ಹಿಂದಿನವರ ಅಭಿಪ್ರಾಯವನ್ನು ಆದರದಿಂದಲೇ ದಾಖಲಿಸಿದರು.

ಫಿತ್ರತ್ತಿನ ಬಗ್ಗೆ ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡರಲ್ಲೂ ಇರುವ, ಪ್ರವಾದಿಯವರ ಸಂಗಾತಿ ಅಬೂ ಹುರೈರಾರ ಹದೀಸ್‌ ಸುಪರಿಚಿತ. ಪ್ರತಿ ಕೂಸೂ ಫಿತ್ರತ್ತಿನ ಮೇಲೆಯೇ ಹುಟ್ಟುತ್ತದೆ, ಅದನ್ನು ಯಹೂದಿಯೋ ಕ್ರೈಸ್ತನೋ ಅಗ್ನಿಪೂಜಕನೋ ಆಗಿಸುವವರು ಹೆತ್ತವರು. ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಹದೀಸ್‌ ನಿಲ್ಲುವುದಿಲ್ಲ. ಪ್ರಾಣಿ ಈಯುವುದು ಊನವಿಲ್ಲದ ಮರಿಯನ್ನು, ಕಿವಿ ಕತ್ತರಿಸಿದ ಮರಿ ಹುಟ್ಟಿದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಪ್ರವಾದಿಯವರು ಕೇಳುತ್ತಾರೆ. ದೇವರ ಹೆಸರಿಗೆ ಬಿಟ್ಟ ಒಂಟೆಯ ಕಿವಿ ಸೀಳುವ ಪದ್ಧತಿಯಿದ್ದ ನಾಡಿನ ಜನರಿಗೆ ಈ ಮಾತು ಎಲ್ಲಿ ನಾಟಿರಬೇಕೆಂದು ಊಹಿಸಬಹುದು. ಕಿವಿ ಸೀಳುವ ಕೈ ಭಕ್ತನದೇ.

ಕೂಸಿನಲ್ಲಿರುವ ಆ ಫಿತ್ರತ್‌ ಎಂಥದು? ಕಾರ್ಡೋಬಾದ ಇಬ್ನ್‌ ಅಬ್ದುಲ್‌ ಬರ್‍ರ್‌ (ನಿಧನ 1071) ಪ್ರಕಾರ ಅದು ಬರೀ ಊನವಿಲ್ಲದ ಸ್ಥಿತಿ, ಅದರಲ್ಲಿ ನಂಬಿಕೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಇಬ್ನ್‌ ತೈಮಿಯ್ಯರಿಗೆ (ನಿಧನ 1328) ಅಷ್ಟು ಸಾಲದು. ಅಡ್ಡಿಯಿಲ್ಲದಿದ್ದರೆ ಫಿತ್ರತ್‌ ತಾನಾಗಿ ಸತ್ಯದ ಕಡೆಗೆ, ದೇವರ ಮೇಲಿನ ಪ್ರೀತಿಯ ಕಡೆಗೆ ವಾಲುತ್ತದೆ ಎನ್ನುತ್ತಾರೆ ಅವರು. ಎಳೆಯ ಮಗುವಿಗೂ ಇರುವ ಅನ್ಯಾಯದ ಅರಿವನ್ನು ಕಂಡವರಿಗೆ ಇಬ್ನ್‌ ತೈಮಿಯ್ಯರ ಮಾತೇ ಹತ್ತಿರವೆನಿಸುತ್ತದೆ, ನನಗೂ ಕೂಡ. ಆದರೆ ಅದರಲ್ಲೊಂದು ಅಪಾಯವಿದೆ. ಫಿತ್ರತ್‌ ಎಂದರೆ ಇಸ್ಲಾಮೇ ಎಂದು ಸಮೀಕರಿಸಿದ ಕೂಡಲೇ ಮಗುವನ್ನು ಕೆಡಿಸುವ ಹೆತ್ತವರು ಯಾವಾಗಲೂ ಬೇರೆಯವರಾಗಿಬಿಡುತ್ತಾರೆ. ಮುಸ್ಲಿಮರ ಮನೆಯಲ್ಲಿ ಕಿವಿ ಸೀಳುವ ಕೈ ಇಲ್ಲವೇ? ಸಿಟ್ಟನ್ನು, ಜಾತಿಯ ಹಮ್ಮನ್ನು, ಹೆಣ್ಣುಮಗುವಿನ ತಾತ್ಸಾರವನ್ನು ಕಲಿಸುವ ಮನೆಗಳಿಗೆ ಈ ಹದೀಸ್‌ ಅನ್ವಯಿಸದೇ?

ಹಾಗಾದರೆ ಸಂದೇಶ ತಲುಪುವ ಮೊದಲೂ ಮನುಷ್ಯನಿಗೆ ಹೊಣೆಯಿದೆಯೇ? ಸುನ್ನಿ ದೇವತಾಶಾಸ್ತ್ರದ ಪಂಥಗಳು ಕವಲೊಡೆದದ್ದು ಬುದ್ಧಿಯ ಈ ಹೊಣೆಯ ವಿಷಯದಲ್ಲಿ. ಪ್ರವಾದಿಯ ಸಂದೇಶ ತಲುಪುವವರೆಗೆ ಯಾವ ಕರ್ತವ್ಯವೂ ಇಲ್ಲ ಎಂದರು ಅಶ್‌ಅರಿಗಳು. ಸೃಷ್ಟಿಕರ್ತನಿದ್ದಾನೆಂದು ತಿಳಿಯಲು ಬುದ್ಧಿಯೇ ಸಾಕು, ಆದ್ದರಿಂದ ಅಷ್ಟರ ಹೊಣೆಯಂತೂ ಇದ್ದೇ ಇದೆ ಎಂದರು ಸಮರ್ಕಂದಿನ ಮಾತುರೀದಿಯವರ (ನಿಧನ 944) ಅನುಯಾಯಿಗಳಲ್ಲಿ ಹಲವರು. ಕರ್ನಾಟಕದಲ್ಲೂ ಈ ಎರಡು ನೆರಳುಗಳಿವೆ. ಕರಾವಳಿಯ ಬ್ಯಾರಿ, ನವಾಯತರ ಶಾಫಿ ಪರಂಪರೆ ಅಶ್‌ಅರಿಗಳ ಕಡೆಯದಾದರೆ, ಒಳನಾಡಿನ ಹನಫಿ ಪರಂಪರೆ ಮಾತುರೀದಿಯವರ ಕಡೆಯದು.

ಸಂದೇಶವಿಲ್ಲದೆ ಬುದ್ಧಿಯೊಂದೇ ಎಲ್ಲಿಯವರೆಗೆ ಒಯ್ಯಬಲ್ಲುದು ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಧೈರ್ಯವಾಗಿ ಎತ್ತಿಕೊಂಡದ್ದು ಒಂದು ಕಥೆ. ಆಂದಲೂಸಿಯಾದ ವೈದ್ಯ ಇಬ್ನ್‌ ತುಫೈಲ್‌ (ನಿಧನ 1185) ಬರೆದ ‘ಹಯ್ಯ್‌ ಇಬ್ನ್‌ ಯಕ್‌ಝಾನ್‌’ನ ನಾಯಕನಿಗೆ ಅಪ್ಪನಿಲ್ಲ, ಕುಲವಿಲ್ಲ, ಗ್ರಂಥವಿಲ್ಲ. ಜನರಿಲ್ಲದ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದವನು. ತನ್ನನ್ನು ಸಾಕಿದ ಜಿಂಕೆ ಸತ್ತಾಗ ಅದರ ಎದೆ ಸೀಳಿ, ಹೊರಟುಹೋದದ್ದು ಏನೆಂದು ಹುಡುಕುತ್ತಾನೆ. ಆ ಹುಡುಕಾಟ ಅವನನ್ನು ದೇವರವರೆಗೆ ಒಯ್ಯುತ್ತದೆ. ದೇವರನ್ನು ಅರಿತ ಮೇಲೆ ಹಣ್ಣು ತಿಂದರೆ ಬೀಜ ಹಾಳಾಗದಂತೆ ನೋಡಿಕೊಳ್ಳುತ್ತಾನೆ, ಬಾಡಿದ ಗಿಡಕ್ಕೆ ನೀರೆರೆಯುತ್ತಾನೆ. ಆ ಬೀಜವನ್ನು ಉಳಿಸಲು ಅವನಿಗೆ ಯಾರ ಫತ್ವಾವೂ ಬೇಕಾಗಲಿಲ್ಲ.

ಹಿರಿಯರ ನೆಪವನ್ನು ದೇವತಾಶಾಸ್ತ್ರಜ್ಞರು ಮರೆತೇಬಿಟ್ಟರು ಎಂದರೆ ತಪ್ಪಾದೀತು. ವಿಚಾರ ಮಾಡದೆ ಅಪ್ಪನಿಂದ ಪಡೆದ ನಂಬಿಕೆ ಸಿಂಧುವೇ ಎಂದು ಅವರು ಗಂಭೀರವಾಗಿ ಚರ್ಚಿಸಿದರು. ಆದರೆ ಕೆಲವರು ವಿಚಾರ ಎಂದದ್ದು ತಾವು ಕಟ್ಟಿದ ತರ್ಕದ ಪಾಠವನ್ನು. ಆ ಅಳತೆಯಲ್ಲಿ ಹಳ್ಳಿಯ ಮುದುಕಿಯ ನಂಬಿಕೆ ಅರ್ಧಂಬರ್ಧ. ಇಂಥ ತರ್ಕದಲ್ಲೇ ಆಯುಷ್ಯ ಕಳೆದ ಜುವೈನಿ (ನಿಧನ 1085) ಕೊನೆಗಾಲದಲ್ಲಿ ನಿಶಾಪುರದ ಮುದುಕಿಯರ ನಂಬಿಕೆಯಲ್ಲೇ ಸಾಯಬಯಸಿದರೆಂಬ ಮಾತು ಪ್ರಚಲಿತದಲ್ಲಿದೆ. ಇದಕ್ಕಿಂತ ಒಳ್ಳೆಯ ಅಳತೆ ಹದೀಸ್‌ನಲ್ಲೇ ಇತ್ತು. ಪುಣ್ಯ ಪಾಪಗಳ ಬಗ್ಗೆ ಕೇಳಲು ಜನರನ್ನು ಸರಿಸಿಕೊಂಡು ಬಂದ ವಾಬಿಸಾ ಎಂಬ ಸಂಗಾತಿಯ ಎದೆಯನ್ನು ಪ್ರವಾದಿಯವರು ಬೆರಳುಗಳಿಂದ ತಟ್ಟಿ, ಜನ ಏನೇ ಫತ್ವಾ ಕೊಟ್ಟರೂ ನಿನ್ನ ಹೃದಯವನ್ನೇ ಕೇಳು ಎಂಬರ್ಥದ ಮಾತು ಹೇಳಿದರು. ನವವಿಯವರ (ನಿಧನ 1277) ಪ್ರಸಿದ್ಧ ನಲವತ್ತು ಹದೀಸ್‌ಗಳ ಸಂಗ್ರಹದಲ್ಲಿ ಇದೂ ಒಂದು. ಮದರಸಾಗಳಲ್ಲಿ ಬಾಯಿಪಾಠವಾಗುವ ಈ ಹದೀಸ್‌ಗೆ ಫಿಕ್ಹ್‌ (ಧರ್ಮಶಾಸ್ತ್ರ) ಗ್ರಂಥಗಳಲ್ಲಿ ಸಿಗುವ ಜಾಗ ಬಲು ಕಿರಿದು.

ಇವತ್ತು ಫಿತ್ರತ್‌ ಎಂದರೆ ಎಲ್ಲರೂ ಹುಟ್ಟಿನಿಂದ ನಮ್ಮವರೇ ಎಂದು ಹಕ್ಕು ಸ್ಥಾಪಿಸುವ ಮಾತಾಗಿದೆ. ಚಿಂತಕ ಗಝ್ಝಾಲಿಯವರು (ನಿಧನ 1111) ಇಷ್ಟು ಸಂಕುಚಿತರಾಗಿರಲಿಲ್ಲ. ಸಂದೇಶ ತಲುಪದ, ಅಥವಾ ಪ್ರವಾದಿಯವರ ಬಗ್ಗೆ ಬರೀ ನಿಂದೆಯನ್ನೇ ಕೇಳಿ ಬೆಳೆದ ದೂರದ ರೋಮನ್‌ ಕ್ರೈಸ್ತರನ್ನೂ ತುರ್ಕರನ್ನೂ ದೇವರ ಕರುಣೆ ಒಳಗೊಳ್ಳುತ್ತದೆ ಎಂದು ಅವರು ಬರೆದದ್ದು ಜೆರುಸಲೇಮ್‌ ಕ್ರೈಸ್ತ ಸೈನ್ಯಗಳ ವಶವಾದ ಆಸುಪಾಸಿನ ಕಾಲದಲ್ಲಿ.