ತಾಪವೇದನೆಯ ಮಾನವಿಚಾರ

ಉಷ್ಣವನ್ನು ಅರಿಯುವುದು ಬೇರೆ, ಉಷ್ಣದಿಂದ ನೋಯುವುದು ಬೇರೆ. ನೈಯಾಯಿಕರು ಉಷ್ಣಸ್ಪರ್ಶವನ್ನು ತೇಜಸ್ಸಿನ ಗುಣವೆಂದೂ ದುಃಖವನ್ನು ಆತ್ಮನ ಗುಣವೆಂದೂ ಎಣಿಸಿ, ಮೊದಲನೆಯದು ತ್ವಗಿಂದ್ರಿಯಕ್ಕೂ ಎರಡನೆಯದು ಮನಸ್ಸಿಗೂ ಗೋಚರವೆಂದಿರುವರು. ಈ ಭೇದವನ್ನು ಮರೆತರೆ ಅಳತೆಯಲ್ಲಿ ಬರುವ ದೋಷಕ್ಕೆ ಅಮೆರಿಕದ ಹಾರ್ಡಿ, ವುಲ್ಫ್, ಗೂಡೆಲ್ ಎಂಬ ಮೂವರು ವಿದ್ವಾಂಸರ ಪ್ರಯೋಗಗಳು ನಿದರ್ಶನವಾಗಿವೆ.

ಇವರು 1940ರಲ್ಲಿ ಪ್ರಕಟಿಸಿದ ವಿಧಾನವು ಸರಳವಾದುದು. ಹಣೆಗೆ ಮಸಿಯನ್ನು ಬಳಿದು, ದೀಪದ ಶಾಖವನ್ನು ಮಸೂರದ ಮೂಲಕ 3 ಸೆಕೆಂಡುಗಳ ಕಾಲ ಬೀಳಿಸಿ, ಎಷ್ಟು ಶಾಖಕ್ಕೆ ಮೊದಲು ನೋವು ತೋರುವುದೆಂದು ಗುರುತಿಸುವುದು. ಪರೀಕ್ಷಕರೇ ಪರೀಕ್ಷ್ಯರೂ ಆಗಿದ್ದರು. ಚರ್ಮವು ಸುಮಾರು 45 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಾಗ ನೋವು ಹುಟ್ಟುವುದೆಂಬುದು ಇವರ ನಿರ್ಣಯ. 1947ರಲ್ಲಿ ಇವರು ನೋವಿನಲ್ಲಿ 21 ಮೆಟ್ಟಿಲುಗಳನ್ನು ವಿಂಗಡಿಸಿ, ಎರಡೆರಡಕ್ಕೆ ಒಂದರಂತೆ ‘ಡೋಲ್’ ಎಂಬ ಮಾನವನ್ನು ಕಲ್ಪಿಸಿದರು.

ಈ ಶ್ರಮವು ವ್ಯರ್ಥವಾದುದಲ್ಲ. 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ನರತಂತುಗಳಲ್ಲಿ ಕಂಡುಹಿಡಿದ ಉಷ್ಣದ್ವಾರವು ಸುಮಾರು 43 ಡಿಗ್ರಿಯಲ್ಲಿ ತೆರೆಯುವುದಾದ ಕಾರಣ, ಮೂವರ ಎಣಿಕೆಯು ನಿಜಕ್ಕೆ ಸಮೀಪವೇ ಆಗಿದ್ದಿತು. ಆದರೆ ಶಾಖದ ಮೆಟ್ಟಿಲಿಗೆ ನೋವಿನ ಹೆಸರಿಟ್ಟುದು ಕಾರಣದಲ್ಲಿ ಕಾರ್ಯವನ್ನು ಆರೋಪಿಸಿದ ಉಪಚಾರ. ಕಾವ್ಯದಲ್ಲಿ ಇದು ಸೊಗಸು. ಶಾಸ್ತ್ರದಲ್ಲಿ ವಾಚ್ಯಾರ್ಥವೆಂದು ಹಿಡಿದರೆ ದೋಷ.

ಈ ದೋಷವನ್ನು ಎತ್ತಿ ತೋರಿಸಿದವನು ಬೀಚರ್ ಎಂಬ ವೈದ್ಯನು. ಎರಡನೆಯ ಮಹಾಯುದ್ಧದಲ್ಲಿ ಘೋರವಾಗಿ ಗಾಯಗೊಂಡ ಸೈನಿಕರಲ್ಲಿ ಅನೇಕರು ನೋವಿನ ಮದ್ದನ್ನೇ ಬೇಡಲಿಲ್ಲವೆಂದು ಆತನು 1946ರಲ್ಲಿ ಬರೆದನು. ಗಾಯವು ಹಿರಿದು, ನೋವು ಕಿರಿದು! ಪ್ರಯೋಗಶಾಲೆಯಲ್ಲಿ ಕುಳಿತ ಆರೋಗ್ಯವಂತನಿಗೆ ಶಾಖವು ಮೂರು ಕ್ಷಣದಲ್ಲಿ ನಿಲ್ಲುವುದೆಂಬ ಭರವಸೆಯುಂಟು. ಹಾಸಿಗೆ ಹಿಡಿದವನಿಗೆ ಅದಿಲ್ಲ. ನಾಟಕದಲ್ಲಿ ಕರುಣವನ್ನು ಆಸ್ವಾದಿಸುವ ಸಹೃದಯನಿಗೂ ಮನೆಯಲ್ಲಿ ಶೋಕಿಸುವವನಿಗೂ ಇರುವಷ್ಟೇ ಅಂತರವು ಇವರಿಬ್ಬರಿಗೂ ಉಂಟು.

ಇಂದಿನ ಪರೀಕ್ಷೆಗಳಲ್ಲಿ ಕಾಯುವ ಫಲಕವನ್ನು ಮುಂಗೈಗೆ ತಾಗಿಸಿ, ನೋವು ತೋರಿದೊಡನೆ ಗುಂಡಿಯನ್ನೊತ್ತೆಂದು ಹೇಳುವುದುಂಟು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಹೇಳಿಸುವುದೂ ಉಂಟು. ಇಲ್ಲಿ ಶಾಖಕ್ಕೆ ಡಿಗ್ರಿ, ನೋವಿಗೆ ನೊಂದವನ ಮಾತು, ಎಂದು ಎರಡನ್ನೂ ಬೇರೆಯಾಗಿಯೇ ಬರೆದುಕೊಳ್ಳುತ್ತಾರೆ. ಡೋಲಿನ ಎಣಿಕೆಯೂ ಆ ಮಾತನ್ನೇ ನೆಮ್ಮಿದ್ದಿತು, ಆದರೆ ಒಪ್ಪಿಕೊಳ್ಳಲಿಲ್ಲ. ಯಂತ್ರದ ಅಂಕವನ್ನು ಮುಂದಿಟ್ಟು ‘ನಿನಗೆ ಇಷ್ಟು ನೋವಿರಲಾರದು’ ಎಂದು ರೋಗಿಯನ್ನು ಅಲ್ಲಗಳೆವುದು ಈ ಮರೆವಿನ ಫಲ. ವೇದನೆಯೆಂಬ ಶಬ್ದವು ಅರಿವೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಅರಿತವನನ್ನು ಕೇಳದೆ ಅದನ್ನು ಅಳೆಯುವ ಉಪಾಯವಿಲ್ಲ.