ಸಿಂಗಪುರದಿಂದ ಬರೀ 45 ನಿಮಿಷ

ಬಾತಮ್ ದ್ವೀಪದ ಬಗ್ಗೆ ಬರೆಯೋರಿಗೆ ಮೊದಲ ವಾಕ್ಯ ರೆಡಿಮೇಡ್ ಸಿಗುತ್ತೆ: ಸಿಂಗಪುರದಿಂದ ಬರೀ 45 ನಿಮಿಷ. ಫ್ಲ್ಯಾಟ್ ಮಾರೋರ ಬ್ರೋಷರಿನಲ್ಲಿ ಅದೇ, ಪ್ರವಾಸದ ಕೈಪಿಡಿಯಲ್ಲಿ ಅದೇ, ಕನ್ನಡದ ಟ್ರಾವೆಲ್ ವಿಡಿಯೋಗಳಲ್ಲಿ "ನಮಸ್ಕಾರ ಸ್ನೇಹಿತರೇ" ಮುಗಿದ ತಕ್ಷಣ ಅದೇ. ಆಮೇಲೆ ಮೂರು ಆಹ್ವಾನ. ಇಲ್ಲಿ ವಾಸ ಮಾಡಿ, ಇಲ್ಲಿ ಹೂಡಿಕೆ ಮಾಡಿ, ಇಲ್ಲಿ ಸುತ್ತಾಡಿ. ಮೂರನ್ನೂ ಒಬ್ಬನೇ ಮನುಷ್ಯ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯೊಳಗೆ ಮಾಡಿ ಮುಗಿಸಬಹುದು ಅನ್ನೋ ಧಾಟಿ.

ನಾನು ಸಿಂಗಪುರದಲ್ಲಿ ಕೆಲಸ ಮಾಡೋ ಕನ್ನಡಿಗರಲ್ಲೊಬ್ಬ. ನಮ್ಮ ಆಫೀಸಿನ ದಾವಣಗೆರೆಯ ಹುಡುಗನೊಬ್ಬ ಹೋದ ವರ್ಷ ಇಂಥದ್ದೊಂದು ಬ್ರೋಷರ್ ತಂದು ಟೇಬಲ್ ಮೇಲೆ ಇಟ್ಟ. ಐದು ವರ್ಷ ಉಳಿಸಿದ ದುಡ್ಡು ಹಾಕೋ ಯೋಚನೆ ಅವನದು. ಕಾಗದ ಒಳ್ಳೆ ಗ್ಲಾಸಿ, ಚಿತ್ರದಲ್ಲಿ ಈಜುಕೊಳ, ಕೊಳದಾಚೆ ಸಮುದ್ರ, ಸಮುದ್ರದಾಚೆ ಮಂಜಿನಲ್ಲಿ ಸಿಂಗಪುರದ ಕಟ್ಟಡಗಳು. ಜನ ಮಾತ್ರ ಇರಲಿಲ್ಲ. ಅವತ್ತಿಂದ ಈ ಥರದ ಬರಹಗಳನ್ನು, ಕಾದಂಬರಿಯನ್ನೋ ಸಿನಿಮಾವನ್ನೋ ನೋಡೋ ಹಾಗೆ, ಸ್ವಲ್ಪ ಗಮನ ಕೊಟ್ಟು ಓದ್ತಾ ಇದ್ದೀನಿ. ಪುಸ್ತಕ ಕೆಟ್ಟದಾಗಿದ್ರೆ ಮುನ್ನೂರು ರೂಪಾಯಿ ಹೋಗುತ್ತೆ. ಇಂಥದ್ದನ್ನು ನಂಬಿದ್ರೆ ಹೋಗೋದು ಎಷ್ಟು ಅಂತ ಲೆಕ್ಕ ಹಾಕಿ.

ಮೊದಲು ಆ 45 ನಿಮಿಷದ ವಿಚಾರ. ಸುಳ್ಳಲ್ಲ. ದೂರ ಇಪ್ಪತ್ತೇ ಕಿಲೋಮೀಟರು, ಹಾರ್ಬರ್‌ಫ್ರಂಟಿನಲ್ಲಿ ಫೆರಿ ಹತ್ತಿದ್ರೆ ಮುಕ್ಕಾಲು ಗಂಟೆ, ಒಂದೊಂದು ಸಲ ಒಂದು ಗಂಟೆ. ಬಾತಮ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ ಇರೋದರಿಂದ ಒಂಬತ್ತಕ್ಕೆ ಹೊರಟು ಒಂಬತ್ತಕ್ಕೇ ಇಳಿದ ಖುಷಿಯೂ ಸಿಗುತ್ತೆ. ಆದರೆ ಆ ನಿಮಿಷಗಳು ಸಿಂಗಪುರದ ಪಾಸ್‌ಪೋರ್ಟ್ ಇರೋರದ್ದು. ನಮ್ಮ ನೀಲಿ ಪಾಸ್‌ಪೋರ್ಟಿನವರು ಸಾಮಾನ್ಯವಾಗಿ ತಲಾ 5 ಲಕ್ಷ ರುಪಿಯಾ ಕೊಟ್ಟು ವೀಸಾ ಮಾಡಿಸಿ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು. ಐದು ಲಕ್ಷ ಅಂದ್ರೆ ಗಾಬರಿ ಆಗಬೇಡಿ, ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಆಸುಪಾಸು. ಕನ್ನಡ ವಿಡಿಯೋಗಳೂ ಇದನ್ನು ಕೊನೆಗೆ, ಚಿಕ್ಕ ಅಕ್ಷರದಲ್ಲಿ ಹಾಕ್ತವೆ ಅನ್ನೋದು ನನಗೆ ಅರ್ಥವಾಗದ ಸಂಗತಿ. ನೋಡೋರೆಲ್ಲ ನಮ್ಮವರೇ ತಾನೆ?

ಊರಿನ ನಡುಭಾಗಕ್ಕೆ ನಗೋಯಾ ಅಂತ ಹೆಸರು. ಹೌದು, ಜಪಾನಿನ ನಗೋಯಾನೇ. 1970ರ ದಶಕದಲ್ಲಿ ಕೆಲಸಕ್ಕೆ ಬಂದ ಜಪಾನಿಗಳಿಂದ ಬಂದ ಹೆಸರು ಅಂತ ಜನ ಹೇಳ್ತಾರೆ. ಸರ್ಕಾರಿ ಕಾಗದದಲ್ಲಿ ಅದು ಲುಬುಕ್ ಬಾಜಾ. ಪಕ್ಕದ ಪೇಟೆ ಜೋದೋ. ಇಂಡೋನೇಷ್ಯಾದ ಭಾಷೆಯಲ್ಲಿ ಆ ಪದಕ್ಕೆ ಹಣೆಯಲ್ಲಿ ಬರೆದ ಸಂಗಾತಿ ಅನ್ನೋ ಅರ್ಥ, ನಮ್ಮ ಋಣಾನುಬಂಧದ ಹತ್ತಿರದ ಮಾತು. ಬ್ರೋಷರುಗಳಲ್ಲಿ ನಗೋಯಾ ಅಂದ್ರೆ ನಗೋಯಾ ಹಿಲ್ ಅನ್ನೋ ಮಾಲ್, ಮಸಾಜು, ಸೀಫುಡ್ಡು, "ರಾತ್ರಿ ಜೀವನ". ಮಾಲಿನಿಂದ ಹೊರಗೆ ಬಂದ್ರೆ ಕಾಣೋದು ಸಾಲು ಸಾಲು ರೂಕೋ. ರುಮಾ ಅಂದ್ರೆ ಮನೆ, ತೋಕೋ ಅಂದ್ರೆ ಅಂಗಡಿ, ಎರಡೂ ಕೂಡಿ ರೂಕೋ. ಕೆಳಗೆ ಟೈರೋ, ಮೊಬೈಲೋ, ಪಾಡಾಂಗ್ ಊಟವೋ ಮಾರೋ ಅಂಗಡಿ, ಮೇಲೆ ಮೂರು ಮಹಡಿ, ಒಣಗಿ ಹಾಕಿದ ಬಟ್ಟೆ. ನಮ್ಮ ಚಿಕ್ಕಪೇಟೆಯನ್ನು ಅಗಲ ರಸ್ತೆಗೆ ತಂದು ನಿಲ್ಲಿಸಿದ ಹಾಗೆ. ವಾಸ ಮತ್ತು ಹೂಡಿಕೆ ನಿಜಕ್ಕೂ ಒಂದೇ ಸೂರಿನಡಿ ಇರೋದು ಈ ರೂಕೋಗಳಲ್ಲಿ. ಅವುಗಳ ಬಗ್ಗೆ ಒಂದು ಸಾಲು ಬರೆದ ಕೈಪಿಡಿ ನಾನು ನೋಡಿಲ್ಲ.

ಹಾಗಂತ ಈ ಬರಹಗಳು ಪೂರ್ತಿ ದಂಡ ಅಲ್ಲ. ಫೆರಿ ಯಾವ ಬಂದರಿನಿಂದ ಯಾವ ಬಂದರಿಗೆ ಅಂತ ಚೆನ್ನಾಗಿ ವಿವರಿಸ್ತವೆ. ಸೆಕುಪಾಂಗ್ ಬೇರೆ, ಬಾತಮ್ ಸೆಂಟರ್ ಬೇರೆ, ನೊಂಗ್ಸಾಕ್ಕೆ ತಾನಾಮೇರಾದಿಂದ ಹೋಗಬೇಕು ಅನ್ನೋದು ಗೊತ್ತಿರದವರಿಗೆ ಉಪಕಾರ. ಊಟದ ಪಟ್ಟಿಯೂ ಪರವಾಗಿಲ್ಲ. ಗೊಂಗ್‌ಗೊಂಗ್ ಅನ್ನೋ ಸಮುದ್ರದ ಶಂಖದ ಹುಳು, ಮೀನಿನ ಸಾರು, ಲಗೇಜಿಗೆ ಕಟ್ಟಿಸಿಕೊಳ್ಳೋ ಪದರ ಪದರದ ಕೇಕು ಎಲ್ಲ ಬರುತ್ತೆ. ನಮ್ಮ ಸಸ್ಯಾಹಾರಿ ಮಂದಿಗೆ ಉಪವಾಸ ಗ್ಯಾರಂಟಿ ಅನ್ನೋ ಹೆದರಿಕೆ ಮಾತ್ರ ಜಾಸ್ತಿ ಆಯ್ತು. ಇಲ್ಲಿ ತೋಫು, ತೆಂಪೆ ಬಡವರ ದಿನದ ಊಟ.

ನನ್ನ ತಕರಾರು ಶುರುವಾಗೋದು ಇತಿಹಾಸದ ಪ್ಯಾರಾದಿಂದ. ಎಲ್ಲದರಲ್ಲೂ ಒಂದೇ ಕಥೆ: ಐವತ್ತು ವರ್ಷದ ಹಿಂದೆ ಇಲ್ಲಿ ಕಾಡು ಬಿಟ್ರೆ ಏನೂ ಇರಲಿಲ್ಲ, ಆಮೇಲೆ ಅಭಿವೃದ್ಧಿ ಬಂತು. 70ರ ದಶಕದ ಆರಂಭದಲ್ಲಿ ಜನಸಂಖ್ಯೆ ಸುಮಾರು 6 ಸಾವಿರ, 2020ರ ಜನಗಣತಿಯಲ್ಲಿ 12 ಲಕ್ಷದ ಹತ್ತಿರ. 1978ರಿಂದ 20 ವರ್ಷ ಪ್ರಾಧಿಕಾರವನ್ನು ನಡೆಸಿದವರು ಮುಂದೆ ರಾಷ್ಟ್ರಪತಿಯಾದ ಹಬೀಬಿ. ಎಲ್ಲ ಸರಿ. ಆದರೆ ಬಾತಮ್ ನಗರ ತನ್ನ ಹುಟ್ಟುಹಬ್ಬ ಆಚರಿಸೋದು ಡಿಸೆಂಬರ್ 18ಕ್ಕೆ, ಇಸವಿ 1829. ನೊಂಗ್ಸಾ ಭಾಗದ ಆಡಳಿತ ರಾಜಾ ಈಸಾ ಅನ್ನೋರ ಕೈಗೆ ಬಂದ ದಿನ ಅದು. ಅಂದ್ರೆ ಊರು ತನ್ನ ವಯಸ್ಸು ಇನ್ನೂರರ ಹತ್ತಿರ ಅಂತ ಹೇಳ್ಕೊಳ್ತಿದೆ, ಬ್ರೋಷರು ಐವತ್ತು ಅಂತಿದೆ. ಇದು ಬರೀ ತಾರೀಖಿನ ಜಗಳ ಅಲ್ಲ. 6 ಸಾವಿರ ಜನ ಅಂದ್ರೆ ಸೊನ್ನೆ ಅಲ್ಲವಲ್ಲ. ಅವರ ಹಳ್ಳಿಗಳಿಗೆ ಇವತ್ತೂ ಕಂಪುಂಗ್ ತುವಾ, ಹಳೇ ಹಳ್ಳಿ ಅಂತಲೇ ಹೆಸರು. ಅಂಥದ್ದೊಂದು ನಗೋಯಾದ ಪಕ್ಕದಲ್ಲೇ ಇದೆ, ತಂಜುಂಗ್ ಉಮಾ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ಹಲಗೆಯ ಓಣಿಗಳು. ಕೈಪಿಡಿಗಳಲ್ಲಿ ಅದು ಬರೋದು ಫೋಟೋಗೆ ಹಿನ್ನೆಲೆಯಾಗಿ, "ಬಣ್ಣಬಣ್ಣದ ಮೀನುಗಾರರ ಮನೆಗಳು" ಅಂತ.

ಈಗ ದುಡ್ಡಿನ ಭಾಗಕ್ಕೆ ಬರೋಣ, ದಾವಣಗೆರೆ ಹುಡುಗನ ಭಾಗಕ್ಕೆ. "ಸಿಂಗಪುರದಲ್ಲಿ ಕಾರು ಪಾರ್ಕ್ ಮಾಡೋ ದುಡ್ಡಿಗೆ ಇಲ್ಲಿ ಮನೆ" ಅನ್ನೋ ಧಾಟಿಯಲ್ಲೇ ಎಲ್ಲವೂ ಶುರುವಾಗೋದು. ಹೋಲಿಕೆ ಸದಾ ಸಿಂಗಪುರದ ಜೊತೆ. ಪಕ್ಕದ ಬೀದಿಯ ಮನೆ ಎಷ್ಟಕ್ಕೆ ಹೋಯ್ತು ಅನ್ನೋದರ ಜೊತೆ ಯಾಕಿಲ್ಲ? ಅಗ್ಗವಾಗಿದೆ ಅನ್ನೋದಕ್ಕೆ ಕಾರಣ ಇರುತ್ತಲ್ಲ, ಅದನ್ನು ಹೇಳಬೇಕಾದ ಜಾಗದಲ್ಲಿ ಈಜುಕೊಳದ ಚಿತ್ರ ಇದೆ.

ಕಾರಣ ನೆಲದಲ್ಲೇ ಇದೆ. ಬಾತಮ್ ನೆಲದ ಬಹುಪಾಲು ಬಿಪಿ ಬಾತಮ್ ಅನ್ನೋ ಪ್ರಾಧಿಕಾರದ ಸುಪರ್ದಿಯಲ್ಲಿದೆ. ನಮ್ಮ ಬಿಡಿಎ ಸೈಟಿಗೆ ಕೆಲವು ವರ್ಷ ಕಳೆದ ಮೇಲೆ ಶುದ್ಧ ಕ್ರಯಪತ್ರ ಆಗುತ್ತೆ, ನೆಲ ನಿಮ್ಮದಾಗುತ್ತೆ. ಇಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ. ಬಾತಮ್‌ನಲ್ಲೇ ಹುಟ್ಟಿ ಬೆಳೆದವನಿಗೂ ಮೊದಲು ಸಿಗೋದು 30 ವರ್ಷದ ಹಕ್ಕು, ಅದಕ್ಕೆ ಪ್ರಾಧಿಕಾರಕ್ಕೆ ನೆಲದ ಶುಲ್ಕ. ಅವಧಿ ಮುಗಿದ್ರೆ ಮತ್ತೆ ಶುಲ್ಕ ಕಟ್ಟಿ 20 ವರ್ಷ, ಆಮೇಲೆ 30. 2016ರಲ್ಲಿ ಈ ಶುಲ್ಕ ಏರಿಸೋಕೆ ಹೊರಟಾಗ ಊರವರೇ ಬೀದಿಗಿಳಿದ್ರು. ವಿದೇಶಿಯರಿಗೆ ಪೂರ್ಣ ಒಡೆತನ ಇಂಡೋನೇಷ್ಯಾದಲ್ಲಿ ಎಲ್ಲೂ ಇಲ್ಲ. ಸಿಗೋದು ಹಾಕ್ ಪಾಕಾಯ್, ಅಂದ್ರೆ ಬಳಸೋ ಹಕ್ಕು, ಅದೂ 30, 20, 30ರ ಕಂತಿನಲ್ಲಿ. ಬ್ರೋಷರಿನಲ್ಲಿ ಇದೆಲ್ಲ ಕೂಡಿ "80 ವರ್ಷ" ಅಂತ ಒಂದೇ ಅಂಕಿಯಾಗಿ ಬರುತ್ತೆ. ಮಧ್ಯೆ ಎರಡು ಸಲ ಕಚೇರಿಯ ಬಾಗಿಲು ತಟ್ಟಬೇಕು, ಅವತ್ತಿನ ದರ ಕಟ್ಟಬೇಕು ಅನ್ನೋದು ಕೂಡಿಸೋ ಲೆಕ್ಕದಲ್ಲಿ ಕಾಣಲ್ಲ.

ಇನ್ನೊಂದು ಅಂಕಿ ಯಾರೂ ಬರೆಯಲ್ಲ. 2010ರ ಸುಮಾರಿಗೆ ಒಂದು ಸಿಂಗಪುರ ಡಾಲರಿಗೆ 7 ಸಾವಿರಕ್ಕಿಂತ ಕಡಿಮೆ ರುಪಿಯಾ ಸಿಗ್ತಿತ್ತು. 2024ರಲ್ಲಿ 12 ಸಾವಿರದ ಹತ್ತಿರ. ಅಂದ್ರೆ ಆಗ ಡಾಲರ್ ಕೊಟ್ಟು ಮನೆ ತಗೊಂಡವನಿಗೆ ಹಾಕಿದ ಡಾಲರ್ ಅಷ್ಟೇ ವಾಪಸ್ ಬರಬೇಕಾದ್ರೂ ಮನೆಯ ಬೆಲೆ ರುಪಿಯಾದಲ್ಲಿ ಶೇಕಡಾ 70ಕ್ಕಿಂತ ಹೆಚ್ಚು ಏರಿರಬೇಕು. ಲಾಭದ ಮಾತು ಅಲ್ಲಿಂದಾಚೆಗೆ. ಸಿಂಗಪುರದ ವೀಕೆಂಡ್ ಪ್ರವಾಸಿಗೆ "ಎಲ್ಲ ಅಗ್ಗ" ಅನ್ನಿಸೋದಕ್ಕೂ ಹೂಡಿಕೆದಾರನಿಗೆ ಕೈ ಸುಡೋದಕ್ಕೂ ಕಾರಣ ಒಂದೇ, ರುಪಿಯಾ ಕುಸಿಯೋದು. ಎರಡನ್ನೂ ಒಂದೇ ಪುಟದಲ್ಲಿ ಹೊಗಳೋ ಬರಹ ಓದುಗನಿಗೆ ಲೆಕ್ಕ ಬರಲ್ಲ ಅಂತ ನಂಬಿಕೊಂಡಿದೆ. ಸ್ಪ್ರೆಡ್‌ಶೀಟಿನಲ್ಲೇ ದಿನ ಕಳೆಯೋ ನಮ್ಮಂಥವರಿಗೆ ಇದು ಅವಮಾನ ಕಣ್ರೀ.

ಬಾಡಿಗೆಗೆ ಕೊಟ್ರೆ? ಯಾರಿಗೆ ಅನ್ನೋದು ಪ್ರಶ್ನೆ. ಬಾತಮ್‌ನಲ್ಲಿ ನಿಜವಾಗಿ ವಾಸ ಮಾಡೋರು ಮುಕಾ ಕುನಿಂಗ್ ಕಡೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ, ಹಡಗು ಕಟ್ಟೋ ಯಾರ್ಡುಗಳಿಗೆ ಜಾವಾ, ಸುಮಾತ್ರಾ, ಫ್ಲೋರೆಸ್‌ನಿಂದ ಬಂದವರು. 2024ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ ಸುಮಾರು 47 ಲಕ್ಷ ರುಪಿಯಾ, ನಮ್ಮ 25 ಸಾವಿರದ ಆಸುಪಾಸು. ಅವರು ಇರೋದು ಕೋಸ್ ಅನ್ನೋ ಬಾಡಿಗೆ ರೂಮುಗಳಲ್ಲಿ, ನಮ್ಮ ಪಿಜಿ ಇದ್ದ ಹಾಗೆ. ಅದೂ ಸಿಗದವರು ಖಾಲಿ ಜಾಗದಲ್ಲಿ ಹಲಗೆ, ತಗಡು ಹೊಡೆದು ಕಟ್ಟಿಕೊಂಡ ರೂಲಿಗಳಲ್ಲಿ. ರುಮಾ ಲಿಯಾರ್, ಕಾಡು ಮನೆ, ಅದರ ಮೊಟಕು ರೂಪ ರೂಲಿ. ಸಮುದ್ರ ಕಾಣೋ ಫ್ಲ್ಯಾಟಿಗೆ ಬಾಡಿಗೆ ಕೊಡೋ ಶಕ್ತಿ ಇವರಲ್ಲಿ ಯಾರಿಗಿದೆ? "ವಾಸ ಮಾಡಿ" ಅನ್ನೋ ಅಧ್ಯಾಯದಲ್ಲಿ ಇವರು ಬರೋದು ಒಂದೇ ಕಡೆ: "ಮನೆಗೆಲಸದವರು ಸುಲಭವಾಗಿ ಸಿಗ್ತಾರೆ."

ಸುತ್ತಾಟದ ಅಧ್ಯಾಯ ಇನ್ನೂ ವಿಚಿತ್ರ. ಬಾರೆಲಾಂಗ್ ಸೇತುವೆ ನೋಡಿ, ಅಲ್ಲಿಂದ ಕಾರಿನಲ್ಲಿ ಗಲಾಂಗ್‌ಗೆ ಹೋಗಿ ನಿರಾಶ್ರಿತರ ಶಿಬಿರ ನೋಡಿ ಅಂತ ಎಲ್ಲರೂ ಬರೀತಾರೆ. ನೋಡಲೇಬೇಕಾದ ಜಾಗ, ಅನುಮಾನ ಇಲ್ಲ. ದೋಣಿಗಳಲ್ಲಿ ತಪ್ಪಿಸಿಕೊಂಡು ಬಂದ ವಿಯೆಟ್ನಾಮಿನ ಜನರಿಗೆ 1979ರಿಂದ 1996ರ ತನಕ ಅಲ್ಲಿ ಆಸರೆ ಇತ್ತು. ಗುಡಿ, ಚರ್ಚು, ಸ್ಮಶಾನ, ಎತ್ತಿ ನಿಲ್ಲಿಸಿದ ಹಳೇ ದೋಣಿ ಎಲ್ಲ ಇವೆ. ಆದರೆ ಬಾರೆಲಾಂಗ್ ಅನ್ನೋ ಹೆಸರನ್ನು ಬಿಡಿಸಿ ನೋಡಿ. ಬಾ ಅಂದ್ರೆ ಬಾತಮ್, ಲಾಂಗ್ ಅಂದ್ರೆ ಗಲಾಂಗ್. ನಡುವಿನ ರೆ? ಅದು ರೆಂಪಾಂಗ್. ಆರು ಸೇತುವೆಗಳ ಆ ದಾರಿ ರೆಂಪಾಂಗ್ ದ್ವೀಪದ ಉದ್ದಕ್ಕೂ ಹಾದು ಹೋಗುತ್ತೆ, ಕೈಪಿಡಿ ಮಾತ್ರ ಅಲ್ಲಿ ಕಾರಿನ ಗಾಜು ಇಳಿಸಲ್ಲ. 2023ರಲ್ಲಿ ಇಕೋ ಸಿಟಿ ಅನ್ನೋ ಯೋಜನೆಗಾಗಿ, ಚೀನಾ ಕಂಪನಿಯೊಂದರ ಗಾಜಿನ ಕಾರ್ಖಾನೆಗಾಗಿ, ಅಲ್ಲಿನ 16 ಹಳೇ ಹಳ್ಳಿಗಳ ಸುಮಾರು 7,500 ಜನ ಜಾಗ ಖಾಲಿ ಮಾಡಬೇಕು ಅಂತಾಯ್ತು. ಸೆಪ್ಟೆಂಬರ್ 7ಕ್ಕೆ ಸರ್ವೆಗೆ ಬಂದವರನ್ನು ಜನ ತಡೆದ್ರು, ಪೊಲೀಸರು ಅಶ್ರುವಾಯು ಹೊಡೆದ್ರು, ಹೊಗೆ ಶಾಲೆಯ ಮಕ್ಕಳಿಗೂ ತಟ್ಟಿತು. ತಲೆಮಾರುಗಳಿಂದ ಇದ್ದೀವಿ ಅನ್ನೋದು ಜನರ ವಾದ, ಕಾಗದ ಎಲ್ಲಿ ಅನ್ನೋದು ಪ್ರಾಧಿಕಾರದ್ದು. "ಇಲ್ಲಿ ಏನೂ ಇರಲಿಲ್ಲ" ಅನ್ನೋ ಆ ಇತಿಹಾಸದ ಪ್ಯಾರಾ ಯಾಕೆ ಅಪಾಯ ಅಂತ ಈಗ ಹೇಳಬಹುದು. ಖಾಲಿ ಅಂತ ಮೊದಲು ಬರೆದರೆ ಆಮೇಲೆ ಖಾಲಿ ಮಾಡಿಸೋದು ಸಲೀಸು. ಹೂಡಿಕೆದಾರನಿಗೂ ಇದು ತಿಳಿದಿರಬೇಕಾದ ವಿಷಯವೇ, ಕರುಣೆಯ ಮಾತು ಪಕ್ಕಕ್ಕಿರಲಿ. ಕಾಗದ ಇಲ್ಲದವನ ನೆಲ ಹೇಗೆ ಹೋಗುತ್ತೆ ಅಂತ ನೋಡದೆ, ಕಂತಿನ ಕಾಗದ ಇಟ್ಕೊಂಡವನು ಎಷ್ಟು ಭದ್ರ ಅಂತ ಹೇಳೋದು ಹೇಗೆ?

ಬೇರೆ ಥರ ಬರೆಯೋಕೆ ಸಾಧ್ಯ ಇಲ್ಲವಾ ಅಂದ್ರೆ, ಇದೆ. ಯೊಹಾನ್ ಲಿಂಡ್‌ಕ್ವಿಸ್ಟ್ ಅನ್ನೋ ಮಾನವಶಾಸ್ತ್ರಜ್ಞ ಬಾತಮ್ ಮೇಲೆ 2009ರಲ್ಲಿ 'ದಿ ಆಂಗ್ಸೈಟೀಸ್ ಆಫ್ ಮೊಬಿಲಿಟಿ' ಅನ್ನೋ ಪುಸ್ತಕ ತಂದರು. ಕಾರ್ಖಾನೆಯ ಹುಡುಗಿಯರು, ನಗೋಯಾದ ಬಾರುಗಳಲ್ಲಿ ದುಡಿಯೋ ಹೆಂಗಸರು, ಸಿಂಗಪುರದಿಂದ ಬರೋ ಗಂಡಸರು ಎಲ್ಲ ಅದರಲ್ಲಿದ್ದಾರೆ. ಬ್ರೋಷರು "ರಾತ್ರಿ ಜೀವನ" ಅಂತ ಎರಡು ಪದದಲ್ಲಿ ಮುಗಿಸಿದ್ದಕ್ಕೆ ಇಲ್ಲಿ ಮುಖಗಳಿವೆ. ಮೆರಾಂತಾವ್ ಅನ್ನೋ ಮಾತನ್ನು, ಅಂದ್ರೆ ಊರು ಬಿಟ್ಟು ದುಡಿಯೋಕೆ ಹೋಗಿ ಏನಾದ್ರೂ ಸಾಧಿಸಿಯೇ ವಾಪಸ್ ಬರಬೇಕು ಅನ್ನೋದನ್ನು, ಜೊತೆಗೆ ಮಾಲು ಅನ್ನೋ ಇನ್ನೊಂದನ್ನು, ಅಂದ್ರೆ ಬರಿಗೈಲಿ ಊರಿಗೆ ಮುಖ ತೋರಿಸೋ ನಾಚಿಕೆಯನ್ನು ಹಿಡಿದು ಅವರು ಊರನ್ನು ಓದ್ತಾರೆ. ಪಾಂಡಿತ್ಯದ ಭಾಷೆ ಅಲ್ಲಲ್ಲಿ ಭಾರ. ಆದ್ರೂ ಓದುವಾಗ ನನಗೆ ಕಂಡದ್ದು ನಮ್ಮವರೇ: ದಸರಾಕ್ಕೆ ಊರಿಗೆ ಹೋದಾಗ "ಏನಪ್ಪಾ, ಮನೆ ಗಿನೆ ತಗೊಂಡ್ಯಾ?" ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋ ಹುಡುಗರು. ದಾವಣಗೆರೆಯವನ ಬ್ರೋಷರ್ ಕೂಡ ಆ ಉತ್ತರಕ್ಕಾಗಿಯೇ ಬಂದದ್ದು. ಅವನು ಸದ್ಯಕ್ಕೆ ಸಹಿ ಹಾಕಿಲ್ಲ, ಹಕ್ಕುಪತ್ರದ ಯಾವ ಕಂತು ಯಾವ ವರ್ಷ ಮುಗಿಯುತ್ತೆ ಅಂತ ಲಿಖಿತವಾಗಿ ಕೇಳಿದ್ದಾನೆ.

ಕನ್ನಡದ ವಿಡಿಯೋ ಮಾಡೋರಿಗೆ ಒಂದು ಸಣ್ಣ ಕೋರಿಕೆ. ಮುಂದಿನ ಸಲ ನಗೋಯಾಕ್ಕೆ ಹೋದಾಗ ಮಾಲಿನ ಹೊರಗೆ ಯಾವುದಾದ್ರೂ ರೂಕೋ ಹೋಟೆಲಿನಲ್ಲಿ ಕೂತು ತೇ ಓಬೆಂಗ್ ಕೇಳಿ. ಇಂಡೋನೇಷ್ಯನ್ ಭಾಷೆಯಲ್ಲಿ ಓಬೆಂಗ್ ಅಂದ್ರೆ ಸ್ಕ್ರೂಡ್ರೈವರ್. ಜಕಾರ್ತಾದಿಂದ ಹೊಸದಾಗಿ ಬಂದವರು ಮೆನು ನೋಡಿ ನಗ್ತಾರೆ. ನಿಜಕ್ಕೆ ಅದು ಸಿಂಗಪುರದ ಕಾಫಿ ಅಂಗಡಿಗಳಲ್ಲಿ ಹೇಳೋ "ತೇ ಓ ಪೆಂಗ್", ಹಾಲಿಲ್ಲದ ಐಸ್ ಟೀ. ಹೊಕ್ಕಿಯನ್ ಮಾತು ಬಾಯಿಂದ ಬಾಯಿಗೆ ದಾಟಿ ಸ್ಕ್ರೂಡ್ರೈವರ್ ಆಗಿದೆ. ತಂದುಕೊಡೋ ಹುಡುಗನ ಊರು ಯಾವುದು ಅಂತಲೂ ಕೇಳಿ. ಅವನಿಗೆ ಹೇಳೋಕೆ ಇಷ್ಟ ಇದ್ರೆ ಕ್ಯಾಮೆರಾ ಆನ್ ಮಾಡಿ.